ಗ್ರೆಪ್ಪಿಗೆ ಸಿಗದ ಭರಮಗೌಡ

ಕಂಪ್ಯೂಟರಿನ್ಯಾಗ ಅಡಗಿ ಕುಂತದ್ದನ್ನ ಹುಡಿಕಿ ತಗಿಯೂದ್ರಾಗ ನನ್ನ ಮೀರಿಸಾಂವ ಈ ಹೊಸಾ ಜಿಲ್ಲಾದಾಗ ಇನ್ನೂ ಹುಟ್ಟಿಲ್ಲ ಅಂತ ನಾ ಕಂಡಕಂಡಲ್ಲೆ ಹೇಳಕೋತ ಅಡ್ಡಾಡತಿದ್ದೆ. ಸುಳ್ಳೇನಲ್ಲ. ಮೀರಿಸಾಂವ ಹುಟ್ಟಿದ್ದಿಲ್ಲ. ಮೀರಿಸಾಕಿ ಹುಟ್ಟಿದ್ಲು. ಆಕಿ ಕಂಪ್ಯೂಟರ್ ಕಣ್ಣಿಲೆ ಕಂಡಾಕಿ ಸೈತ ಅಲ್ಲ. ಆಕಿ ಕತಿ ಹೇಳತೇನಿ, ಆದ್ರ ಮದಲ ನನ್ನ ಶಾಣ್ಯಾತನ ಕೇಳಬೇಕಾಗತೈತಿ. ಪುಕ್ಕಟೆ ಕತಿ ಎಲ್ಲೆ ಸಿಗತೈತ್ರಿ?

ಗದಗ ಆಗಷ್ಟ ಧಾರವಾಡದಿಂದ ಬ್ಯಾರೆ ಆಗಿ ತನ್ನದ ಒಂದು ಜಿಲ್ಲಾ ಆಗಿತ್ತು. ಅದರಿಂದ ಮಂದಿಗೆ ಏನೇನು ಸಿಕ್ತೋ ನಾ ಕಾಣೆ, ನಮ್ಮ ಪ್ರೆಸ್ಸಿಗೆ ಮಾತ್ರ ಮೈತುಂಬ ಕೆಲಸಾ ಸಿಕ್ತು. ಇದ್ದಬಿದ್ದ ಲೆಟರ್‌ಹೆಡ್ಡು, ಪಾವತಿ ಬುಕ್ಕು, ಲಗ್ನಪತ್ರಿಕಿ ಎಲ್ಲಾದರ ಮ್ಯಾಲೂ 'ಜಿ: ಧಾರವಾಡ' ಹೋಗಿ 'ಜಿ: ಗದಗ' ಬರಬೇಕಿತ್ತು. ನಾ ಬೆಟಗೇರ್ಯಾಗ ಟೈಪಿಂಗ್ ಕ್ಲಾಸ್ ನಡಸಾಂವ. ಒಂದ ಕಡೆ ಮಗ್ಗದ ಸಪ್ಪಳಾ, ಇನ್ನೊಂದ ಕಡೆ ನನ್ನ ಮಶೀನಿನ ಸಪ್ಪಳಾ, ಯಾರದು ಜೋರು ಅಂತ ದಿನಾ ಪೈಪೋಟಿ. ಮಧ್ಯಾಹ್ನದ ಮ್ಯಾಲೆ ಪ್ರೆಸ್ಸಿಗೆ ಹೋಗಿ ಕಂಪ್ಯೂಟರ್ ಮುಂದ ಕುಂಡ್ರತಿದ್ದೆ. ಒಂದೊಂದ ಫೈಲ್ ತಗಿ, ಧಾರವಾಡ ಹುಡುಕು, ಬದಲಿ ಮಾಡು, ಮುಚ್ಚು. ಮತ್ತೊಂದ ತಗಿ. ಕಡೀಕ ಬ್ಯಾಸತ್ತು, ಒಂದು ಮಾಸಪತ್ರಿಕಿ ಜೋಡಿ ಪುಕ್ಕಟೆ ಬಂದ ಸಿಡಿ ಹಾಕಿ ಹಳೇ ಮಶೀನಿಗೆ ಲಿನಕ್ಸ್ ಕುಂಡ್ರಿಸಿದೆ. ಬಣ್ಣ ಇಲ್ಲ, ಚಿತ್ರ ಇಲ್ಲ. ಕರೀ ಪರದೆ, ಅದರಾಗ ಮಿಣಿಮಿಣಿ ಅನ್ನೂ ಒಂದು ಕರ್ಸರ್.

ಪ್ರೆಸ್ ಸಾವಕಾರ್ರು ಬಂದು ನೋಡಿ ಹಣಿ ಹಣಿ ಬಡಕೊಂಡ್ರು. "ಏನ್ರಿ ಮಾಸ್ತರ, ಚೊಲೋ ಇದ್ದ ಕಂಪ್ಯೂಟರ್ ತಗದು ಸಾಲಿ ಪಾಟಿ ಮಾಡಿಟ್ರಲ್ರಿ!"

"ಈ ಪಾಟಿ ಮ್ಯಾಲ ಬರದದ್ದು ಕೆಲಸಾ ಮಾಡತೈತಿ ಸಾವಕಾರ್ರ, ಕುಂಡ್ರಿ ಇಲ್ಲೆ" ಅಂದೆ. ಗ್ರೆಪ್ ಅಂತ ಬಡದೆ. ಅದರ ಮುಂದ ಏನು ಹುಡಕಬೇಕೋ ಆ ಮಾತು. ಅದರ ಮುಂದ ಒಂದು ನಕ್ಷತ್ರ; ನಕ್ಷತ್ರ ಅಂದ್ರ 'ಇಲ್ಲಿರೂ ಅಷ್ಟೂ ಫೈಲು' ಅಂತ. ಎಂಟರ್ ಹೊಡದೆ. ಧಾರವಾಡ ಎಲ್ಲೆಲ್ಲೆ ಕುಂತಿತ್ತೋ ಆ ಫೈಲಿನ ಹೆಸರು, ಆ ಸಾಲು, ಎಲ್ಲಾ ಸರಸರ ಪರದೆ ಮ್ಯಾಲ ಇಳದು ಬಂತು. ಸಾವಕಾರ್ರು ಬಾಯಾಗಿನ ಎಲಿಅಡಕಿ ಅಗಿಯೂದ ಮರತ್ರು. ಗ್ರೆಪ್ ಹುಡಕತೈತಿ, ಸೆಡ್ ಅಂತ ಅದರ ತಮ್ಮ ಒಂದೈತಿ, ಅದು ಬದಲಿ ಮಾಡತೈತಿ. ಧಾರವಾಡ ಜಿಲ್ಲಾ ಗದಗ ಮಾಡಾಕ ಸರಕಾರಕ್ಕ ಎಷ್ಟ ವರ್ಷ ಹಿಡೀತು, ನನಗ ಒಂದು ಚಾ ಆರೂದ್ರಾಗ ಆತು. ಇದನ್ನ ನಾ ಹೇಳಲಾರದ ಇದ್ದ ಮನಿ ಬೆಟಗೇರ್ಯಾಗ ಇಲ್ಲ.

ಹಿಂಗ ನಾ ಉಬ್ಬಿ ಉಬ್ಬಿ ಇರೂಮುಂದ ಲಕ್ಷ್ಮೇಶ್ವರದ ಕವಿಗಳು ಬಂದ್ರು. ಕವಿ ಅಂದ್ರ ನಾಟಕ ಬರಿಯಾಂವ, ನಮ್ಮ ಕಡೆ ಹಂಗ ಅಂತಾರ. ಕಸಬು ಟೇಲರ್, ಜಾತೀಲೆ ಮುಸಲರು, ಕೊಳ್ಳಾಗ ಸದಾ ಅಳತಿ ಟೇಪು. ಕೈ ಜಂಪರ್ ಹೊಲಿತಿದ್ರ ಬಾಯಿ ಡೈಲಾಗ್ ಹೊಲಿತಿತ್ತು. ಹರ್ತಿ, ಶಿರಹಟ್ಟಿ ಕಡೆ ಅವರ ನಾಟಕ ಭಾಳ ಊರಾಗ ಆಡಿದ್ರು, ಆದ್ರ ಒಂದೂ ಅಚ್ಚಾಗಿದ್ದಿಲ್ಲ. ಆಡಿದಾವರ ಕೈಯಾಗ ಹಾಳಿ ಹರದು, ಎಣ್ಣಿ ಹತ್ತಿ, ಕಳದು ಹೋಗತಿದ್ವು. ಈ ಸಲ ಬರದದ್ದು 'ಹೊಲಿದ ಸಂಸಾರ ಅರ್ಥಾತ್ ಹರಿದ ಹಮ್ಮು'. ಹೊಂಬಳದ ಕಡೆ ಒಂದು ಹಳ್ಳ್ಯಾಗ ಸುಗ್ಗಿ ಮುಗದ ಮ್ಯಾಲ ಗೌಡರ ಕಣದಾಗ ಆಡೂದು, ಅದ ಸ್ಟೇಜಿನ ಮ್ಯಾಲ ಗೌಡರ ಕೈಲೆ ಪುಸ್ತಕಾ ಬಿಡುಗಡಿ ಮಾಡ್ಸೂದು ಅಂತ ಠರಾವ್ ಆಗಿತ್ತು.

ಜಲ್ದಿ ಆಗಲಿ ಅಂತ ನಾ ಮೂರು ಅಂಕಾನ ಮೂರು ಊರಿಗೆ ಹಂಚಿದೆ. ಒಂದನೇದು ಲಕ್ಷ್ಮೇಶ್ವರಕ್ಕ, ಎರಡನೇದು ಶಿರಹಟ್ಟಿಗೆ, ಮೂರನೇದು ಮುಂಡರಗಿಗೆ. ಮೂರೂ ಕಡೆ ಟೈಪ್ ಮಾಡಾವರು ನನ್ನ ಕೈಯಾಗ ಕಲತು ಝೆರಾಕ್ಸ್ ಅಂಗಡಿ ಇಟ್ಟಾವರು. ಒಂದೊಂದು ಪ್ರವೇಶಕ್ಕ ಒಂದೊಂದು ಫೈಲು. ಟೈಪ್ ಆದ ಫ್ಲಾಪಿ ಬಸ್ಸಿನ ಕಂಡಕ್ಟರ್ ಕೈಯಾಗ ಕೊಟ್ಟು ಕಳಸತಿದ್ರು, 'ಒಳಗ ನಾಟಕ ಐತಿ, ಬಿಸಲಿಗೆ ಇಡಬ್ಯಾಡ್ರಿ' ಅಂತ ಮ್ಯಾಲ ಚೀಟಿ. ಎಲ್ಲಾ ಬಂದು ಮುಟ್ಟಿದ್ವು. ಹ್ಯಾಂಡ್‌ಬಿಲ್ಲು ಹಂಚಿ ಆಗಿತ್ತು. ಇನ್ನೇನು ಪೇಜ್ ಕಟ್ಟಬೇಕು, ಕವಿಗಳು ಪ್ರೆಸ್ಸಿನ ಬಾಗಲಾಗ ನಿಂತಿದ್ರು. ಮುಖಾ ಇಸ್ತ್ರಿ ಹತ್ತಿ ಸುಟ್ಟ ಅಂಗೀ ಆಗಿತ್ತು.

"ಮಾಸ್ತರ, ನನ್ನ ಕತಿ ಮುಗೀತ್ರಿ."

"ಚೊಲೋ ಆತಲ್ರಿ ಕವಿಗಳ. ಮುಗೀಲಾರದ ಕತಿ ಅಚ್ಚ ಹೆಂಗ ಹಾಕೂದು?"

"ಚ್ಯಾಷ್ಟಿ ಬಿಡ್ರಿ. ನಮ್ಮ ಖಳನಾಯಕನ ಹೆಸರೇನು?"

"ಭರಮಗೌಡ."

"ಆ ಊರ ಗೌಡರ ಹೆಸರೇನು?"

ನನಗ ತಡಕೊಳ್ಳಾಕ ಆಗಲಿಲ್ಲ. ನಕ್ಕು ನಕ್ಕು ಕುರ್ಚಿಯಿಂದ ಜಾರಿದೆ.

"ನಗ್ರಿ, ನಗ್ರಿ" ಅಂದ್ರು ಕವಿಗಳು. "ಊರಾಗ ಎಲ್ಲಾರೂ ಬರೇ 'ಗೌಡ್ರ, ಗೌಡ್ರ' ಅಂತಾರ. ಅವರಿಗೂ ಒಂದು ಹೆಸರು ಇರತೈತಿ ಅಂತ ನನಗೇನು ಗೊತ್ರಿ? ಹ್ಯಾಂಡ್‌ಬಿಲ್ಲಿನ್ಯಾಗ 'ಕಪಟಿ, ಕಟುಕ, ಕಂಡವರ ಹೊಲಾ ನುಂಗಿದ ಭರಮಗೌಡ' ಅಂತ ದಪ್ಪ ಅಕ್ಷರದಾಗ ಹಾಕೀವಿ. ಚಾದಂಗಡ್ಯಾಗ ಯಾಂವೋ ಜೋರ್ಲೆ ಓದ್ಯಾನ. ಗೌಡ್ರು ಅಲ್ಲೇ ಬಸಿಯಾಗ ಚಾ ಹಾಕ್ಕೊಂಡು ಊದಾಕತ್ತಿದ್ರಂತ."

ಗೌಡ್ರು ಕೆಟ್ಟವರೇನಲ್ಲ. ಬೈಲಿಲ್ಲ, ಬಡೀಲಿಲ್ಲ. ಒಂದ ಮಾತು ಹೇಳಿ ಕಳಿಸಿದ್ರು: ಅಚ್ಚಾಗೂಕಿಂತ ಮದಲ ಪುಸ್ತಕದ ಪ್ರೂಫು ಅವರ ಮನಿಗೆ ಬರಬೇಕು. ಅವರ ಮನಿಯಾಕಿ ಪೂರಾ ಓದಿ ಹೇಳತಾರ. ಒಂದ ಕಡೆ ಅವರ ಹೆಸರು ಉಳದಿದ್ರೂ ಕಣಾ ಇಲ್ಲ, ನಾಟಕ ಇಲ್ಲ.

"ಕಣಾ ಹೋದ್ರ ನಾಟಕ ಹೋತು, ನಾಟಕ ಹೋದ್ರ ಪುಸ್ತಕಾನೂ ಹೋತು" ಅಂದ್ರು ಕವಿಗಳು. ಟೇಪಿನ ತುದಿ ಬೆರಳಿಗೆ ಸುತ್ತತಿದ್ರು, ಬಿಚ್ಚತಿದ್ರು. "ಇಷ್ಟು ದಿನಾ ಬರದದ್ದೆಲ್ಲಾ ಗಾಳಿಗೆ ಹೋತ್ರಿ ಮಾಸ್ತರ. ಇದೊಂದಾದ್ರೂ ಕೈಯಾಗ ಹಿಡಿಯೂಹಂಗ ಉಳೀಲಿ ಅಂತ ಆಸೆ ಇತ್ತು."

ಆಗ ನನ್ನ ನಗಿ ಬಂದ್ ಆತು. ಆದ್ರ ಬಾಯಿ ಬಂದ್ ಆಗಲಿಲ್ಲ. "ಕವಿಗಳ, ಗ್ರೆಪ್ ಇರೂತನಕ ಭರಮಗೌಡ ಎಲ್ಲೆ ಓಡಿ ಹೋಗತಾನ? ಹೊಸಾ ಹೆಸರು ಹೇಳ್ರಿ, ಕುಂತಲ್ಲೆ ಬದಲಿ ಮಾಡತೇನಿ."

"ರುದ್ರಗೌಡ?" ಅಂದ್ರು. ಗೌಡರ ಬೀಗರ ಹೆಸರು ಅದು. "ಚನ್ನಗೌಡ?" ನಾಟಕಕ್ಕ ಪರದೆ ಕೊಡಾವರ ಹೆಸರು. ಸಂಗನಗೌಡ ಅಂದ್ರ ನಾಯಕನ ಪಾರ್ಟ್ ಮಾಡೂ ಹುಡುಗನ ಮಾವ. ಊರಂದ ಮ್ಯಾಲ ಎಲ್ಲಾ ಹೆಸರಿಗೂ ಒಬ್ಬ ಮಾಲಕ ಇದ್ದ ಇರತಾನ.

"ನನ್ನ ಹೆಸರು ಹಾಕ್ರಿ" ಅಂದೆ ನಾ. "ಮುಂದ ಒಂದು ಗೌಡ ಹಚ್ಚಿದ್ರ ಆತು. ಜೀವನದಾಗ ಯಾರೂ ನನ್ನ ಗೌಡ ಅಂದಿಲ್ಲ, ಖಳನಾಯಕ ಆಗಿಯಾದ್ರೂ ಗೌಡ ಆಗೂಣು."

"ಮನ್ಯಾಗ ಒಂದ ಮಾತು ಕೇಳ್ರಿ."

"ನಮ್ಮನಿಯಾಕಿ ಎಂದೂ ನನ್ನ ಹೆಸರು ಹಿಡದು ಕರದಿಲ್ಲ. ಆಕಿಗೇನು ಲುಕ್ಸಾನ?"

ಹಿಂಗ ನಾ ಖಳನಾಯಕ ಆದೆ. ನನ್ನ ಹೆಸರು ಇಲ್ಲೆ ಹೇಳಂಗಿಲ್ಲ. ಆ ನಾಟಕಾ ನೋಡಿದಾವರಿಗೆ ಗೊತ್ತೈತಿ, ನೋಡದಾವರು ನೋಡಿದಾವರನ್ನ ಕೇಳ್ರಿ.

ಈಗ ಹುಡಕೂ ಕೆಲಸಾ. ಇಲ್ಲೆ ಒಂದು ತೊಡಕು ಇತ್ತು. ಆ ಕಾಲದಾಗ ಕಂಪ್ಯೂಟರಿಗೆ ಕನ್ನಡಾ ಗೊತ್ತಿದ್ದಿಲ್ಲ. ಇಂಗ್ಲೀಷ್ ಅಕ್ಷರಕ್ಕ ಕನ್ನಡದ ಅಂಗೀ ತೊಡಿಸಿ ನಿಲ್ಲಿಸಿದಂಗ ಇರತಿತ್ತು ನಮ್ಮ ಫಾಂಟು. ಕರೀ ಪರದೆ ಮ್ಯಾಲ ಆ ಅಂಗೀ ಕಳಚಿ ಬೀಳತಿತ್ತು. ಭರಮಗೌಡ ಅನ್ನೂದು ತಲಿ ಮ್ಯಾಲ ಟೊಪಿಗಿ, ಕಾಲಾಗ ಚುಕ್ಕಿ ಇಟಗೊಂಡ ಪರದೇಶಿ ಅಕ್ಷರದ ಮೆರವಣಿಗಿ ಆಗಿ ಕಾಣತಿತ್ತು. ಕವಿಗಳು ತಮ್ಮ ನಾಟಕಾ ನೋಡಿ "ಅಲ್ಲಾ! ಯಾರು ಮಾಟಾ ಮಾಡ್ಸ್ಯಾರ ಇದಕ್ಕ?" ಅಂದ್ರು. ನಾ ಆ ಮೆರವಣಿಗಿ ಒಂದು ಕಡೆ ಬಡದು ನೋಡಿ, ಅದ ತುಂಡನ್ನ ಗ್ರೆಪ್ಪಿಗೆ ಕೊಟ್ಟೆ.

ಬರೇ 'ಭರಮಗೌಡ' ಹುಡಿಕಿದ್ರ ಸಾಲಂಗಿಲ್ಲ ಅನ್ನೂದು ನನಗ ಮದಲ ಹೊಳೀತು. ಯಾಕಂದ್ರ ನಮ್ಮ ಮಂದಿ ಒಬ್ಬಾಂವನ್ನ ಒಂದ ಹೆಸರ್ಲೆ ಕರೀತಾರೇನು? ಮುಂದ ನಿಂತ್ರ 'ಭರಮಗೌಡ್ರ', ಬೆನ್ನ ಹಿಂದ 'ಭರಮ್ಯಾ', ಸಾಲಾ ಕೇಳೂಮುಂದ 'ಭರಮಣ್ಣ'. ಅದಕ್ಕ ಎಲ್ಲಾದ್ರಾಗೂ ಬರೂ ತುಂಡು ಅಷ್ಟ ಹುಡಿಕಿದೆ: 'ಭರ', ಅದರ ಮುಂದ 'ಮ' ಅಕ್ಷರದ ಮದಲಿನ ಅರ್ಧಾ. ಪರದೆ ತುಂಬಿ ಹರೀತು. ನೋಡಿದ್ರ ಅರ್ಧಕ್ಕರ್ಧಾ 'ಭರವಸೆ'! ನಮ್ಮ ಫಾಂಟಿನ್ಯಾಗ 'ವ' ಅಕ್ಷರಕ್ಕ ಬಾಲಾ ಹಚ್ಚಿದ್ರ 'ಮ' ಆಗತಿತ್ತು, ಮದಲಿನ ಅರ್ಧಾ ಎರಡಕ್ಕೂ ಒಂದ. ನಾಟಕದ ನಾಯಕ ಅಂತೂ ಬಾಯಿ ತಗದ್ರ ಭರವಸೆ ಅಂತಿದ್ದ.

"ಕವಿಗಳ, ನಿಮ್ಮ ನಾಟಕದಾಗ ಖಳನಾಯಕನಕಿಂತ ಭರವಸೆ ಜಾಸ್ತಿ ಐತಲ್ರಿ."

"ಅದಿಲ್ಲದ ಯಾರು ಬರೀತಾರ್ರಿ ನಾಟಕಾ?" ಅಂದ್ರು ಅವರು.

'ಭರವಸೆ ಇದ್ದ ಸಾಲು ಬಿಟ್ಟು ಉಳದದ್ದು ತೋರ್ಸು' ಅಂತ ಗ್ರೆಪ್ಪಿಗೆ ಹೇಳಾಕ ಬರತೈತಿ, ಗೀಟು ಹಾಕಿ ವಿ ಅಂತ ಕೊಟ್ರ ಆತು. ಆದ್ರ ನಾ ಹಂಗ ಮಾಡಲಿಲ್ಲ. 'ಎಲೋ ಭರಮಗೌಡಾ, ದೇವರ ಮ್ಯಾಲ ನನಗ ಭರವಸೆ ಐತಿ' ಅಂತ ಒಂದ ಸಾಲಾಗ ಎರಡೂ ಇದ್ರ ಅದೂ ಬಿಟ್ಟು ಹೋಗತಿತ್ತು. ಅಂಥಾದ್ರಾಗ ಬೀಳೂ ಮಗಾ ಅಲ್ಲ ನಾನು. ಬಾಲ ಇದ್ದ 'ಮ' ಒಂದು, ಭರಮ್ಯಾನ 'ಮ್ಯಾ' ಒಂದು, ಎರಡೂ ಬ್ಯಾರೆ ಬ್ಯಾರೆ ಹುಡಿಕಿ, ಸೆಡ್ಡಿಗೆ ಕೊಟ್ಟು, ನನ್ನ ಹೆಸರು ತುಂಬಿಸಿದೆ. ಹೊಳ್ಳಿ ಗ್ರೆಪ್ ಹೊಡದೆ. ಗ್ರೆಪ್ಪು ಗಪ್ಪ. ಒಂದೂ ಇಲ್ಲ ಅಂದ್ರ ಅದು ಏನೂ ಮಾತಾಡಂಗಿಲ್ಲ, ಸುಮ್ನ ಹೊಸಾ ಸಾಲಿಗೆ ಬಂದು ನಿಂದರತೈತಿ. ಅದರಕಿಂತ ಚಂದ ಮಾತು ನಾ ಕೇಳಿದ್ದಿಲ್ಲ.

ಸಾವಕಾರ್ರು ಆ ಫೈಲ್ ಎಲ್ಲಾ ತಗೊಂಡು ಪೇಜ್ ಕಟ್ಟಿದ್ರು. ಪ್ರೂಫ್ ತಗದ್ರು. ಹೊಂಬಳದ ಬಸ್ ಹತ್ತಿ, ಇಳದು, ನಾನೂ ಕವಿಗಳೂ ಗೌಡರ ಮನಿ ಮುಟ್ಟಿದ್ವಿ.

ಪಡಸಾಲ್ಯಾಗ ಗೌಡ್ರು ಕಂಬಕ್ಕ ಆತಗೊಂಡು ಕುಂತಿದ್ರು. ಗೌಡಸಾನಿ ಚಾಳೀಸು ಹಾಕ್ಕೊಂಡು, ಪ್ರೂಫಿನ ಹಾಳಿ ತೊಡಿ ಮ್ಯಾಲ ಇಟಗೊಂಡು, ಸಾಲಿನ ಮ್ಯಾಲ ಬೆರಳ ಇಟ್ಟು ಓದಾಕ ಸುರು ಮಾಡಿದ್ರು. ಓದು ಅಂದ್ರ ಏನ್ರಿ ಅದು! ನಾಯಕನ ಮಾತಿಗೆ ಗಡಸು ದನಿ, ನಾಯಕೀ ಮಾತಿಗೆ ಎಳೀ ದನಿ. ಓಣ್ಯಾಗಿನ ಹೆಣಮಕ್ಕಳು ಒಬ್ಬೊಬ್ಬರ ಬಂದು ಹೊಸ್ತಲದಾಗ ಕುಂತ್ರು. ಖಳನಾಯಕ ಅಂತ ನನ್ನ ಹೆಸರು ಬಂದಾಗೊಮ್ಮಿ ಗೌಡಸಾನಿ ಚಾಳೀಸಿನ ಮ್ಯಾಲಿಂದ ನನ್ನ ಕಡೆ ನೋಡತಿದ್ರು. ನಾ ಮೀಸಿ ತಿರುವತಿದ್ದೆ.

ಒಂದನೇ ಅಂಕಾ ಮುಗೀತು. ಎರಡನೇದೂ ದಾಟಿತು. ಮೂರನೇ ಅಂಕದಾಗ ನಾಯಕ ಕೊಡ್ಲಿ ಎತ್ತಿ ನಿಂತಾನ, ಗೌಡಸಾನಿ ದನಿ ಏರಿಸಿ "ಎಲೋ..." ಅಂದ್ರು. ನಿಂತ ಬಿಟ್ರು.

ನಾ ಏನೋ ದೊಡ್ಡ ಒತ್ತಕ್ಷರ ಬಂದಿರಬೇಕಂತ "ಬಿಡಿಸಿ ಬಿಡಿಸಿ ಓದ್ರಿ ಯವ್ವಾ" ಅಂದೆ.

ಗೌಡಸಾನಿ ಸೆರಗು ತಗದು ಬಾಯಿಗೆ ಹಿಡಕೊಂಡ್ರು.

"ಯಾಕ, ನಾಲಿಗಿ ಕಚ್ಚಿದೇನು?" ಅಂದ್ರು ಗೌಡ್ರು. ಅಂದಾವರು ಆಕಿ ಮಾರಿ ನೋಡಿದ್ರು. ಕಂಬಾ ಬಿಟ್ಟು ನೆಟ್ಟಗ ಕುಂತ್ರು. "ಐತಿ ಹಂಗಾರ?"

"ಐತ್ರಿ" ಅಂದ್ರು ಗೌಡಸಾನಿ. ಹಾಳಿ ನನ್ನ ಕಡೆ ಹೊಳ್ಳಿಸಿ, ಬೆರಳ ಇಟ್ಟು ತೋರಿಸಿದ್ರು.

'ಎಲೋ ಭರಮಗೌಡಾ, ತುಂಬಿತು ನಿನ್ನ ಪಾಪದ ಕೊಡಾ!'

ಯಾರಿಗೆ ಗೊತ್ತಿಲ್ಲ ಇದು? ನಮ್ಮ ಕಡೆ ಹೆಣಮಕ್ಕಳು ಗಂಡನ ಹೆಸರು ಬಾಯಿಲೆ ತಗಿಯಂಗಿಲ್ಲ. ನಾಟಕದ ಪುಸ್ತಕದಾಗಿದ್ರೂ ತಗಿಯಂಗಿಲ್ಲ. ನನ್ನ ಗ್ರೆಪ್ಪು ಹೆಸರು ಸಿಗಲಿಲ್ಲಂದ್ರ ಸುಮ್ನಾಗೂದು. ಗೌಡಸಾನಿ, ಹೆಸರು ಸಿಕ್ತಂದ್ರ ಸುಮ್ನಾಗೂದು. ಗೌಡ್ರು ಓದಾಕ ಈಕಿನ್ನ ಯಾಕ ಕುಂಡ್ರಿಸಿದ್ರು ಅನ್ನೂದು ನನಗ ಆಗ ತಿಳೀತು.

ಕವಿಗಳು ನೆಲಾ ನೋಡಕೋತ ಕುಂತಿದ್ರು. ಗೌಡ್ರು ಎದ್ದು, ಪಂಜೆ ಝಾಡಿಸಿ, "ಮಾಸ್ತರ, ದೂರದಿಂದ ಬಂದೀರಿ. ಊಟಾ ಮಾಡ್ಕೊಂಡು ಹೋಗ್ರಿ. ಇನ್ನೊಂದ ಸಲ ತರ್ರಿ" ಅಂದ್ರು. "ಇನ್ನೊಮ್ಮಿ ಈಕಿ ನಿಂತಳಂದ್ರ, ನಾಟಕಾನೂ ನಿಂತಂಗ."

ಬಿಸಿ ರೊಟ್ಟಿ, ಬದನಿಕಾಯಿ ಪಲ್ಯಾ. ನನ್ನ ಜನ್ಮದಾಗ ಅಂಥಾ ರುಚಿ ಅಡಗಿ ಅಷ್ಟು ಸಪ್ಪಗ ಉಂಡಿದ್ದಿಲ್ಲ.

ಹೊಳ್ಳಿ ಬಂದು ಮತ್ತ ಗ್ರೆಪ್ ಹೊಡದೆ. ಗಪ್ಪ. ಪ್ರೂಫಿನ್ಯಾಗ ಐತಿ, ಫೈಲಿನ್ಯಾಗ ಇಲ್ಲ! ಸಾವಕಾರ್ರು "ಪೇಜ್ ಕಟ್ಟೂಮುಂದ ನಾ ಏನೂ ಸೇರ್ಸಿಲ್ಲಪಾ, ನಟ್ಟನಡಕ ಮುರದಿದ್ದ ಸಾಲು ಅಷ್ಟ ಕೂಡ್ಸೇನಿ" ಅಂತ ಆಣಿ ಮಾಡಿದ್ರು. ಮುರದಿದ್ದ ಸಾಲು ಅಂದಕೂಡ್ಲೆ ನನಗ ಏನೋ ಚುರ್ ಅಂತು. ಮೂರನೇ ಅಂಕದ ಫೈಲ್ ತಗದು ಕಣ್ಣಿಲೆ ಓದಿದೆ. ಅಲ್ಲೆ ಕುಂತಿತ್ತು ಕಳ್ಳ. ಒಂದು ಸಾಲಿನ ಕಡೀಗೆ 'ಭರ'. ಎಂಟರ್. ಮುಂದಿನ ಸಾಲಿನ ಸುರುವಾತಿಗೆ 'ಮಗೌಡಾ'. ಗ್ರೆಪ್ ಒಂದ ಸಲಕ್ಕ ಒಂದ ಸಾಲು ಓದತೈತಿ. ಎರಡು ಸಾಲಿನ ಮ್ಯಾಲ ಕಾಲಿಟ್ಟು ನಿಂತಾಂವ ಅದರ ಕಣ್ಣಿಗೆ ಮನಷ್ಯಾನ ಅಲ್ಲ. ಸಾವಕಾರ್ರು ಸಾಲು ಕೂಡಿಸಿದಾಗ ಭರಮಗೌಡನ ರುಂಡಾ ಮುಂಡಾ ಕೂಡಿ ಎದ್ದು ಕುಂತಿದ್ದ.

ಮುಂಡರಗ್ಯಾಗ ಅದನ್ನ ಟೈಪ್ ಮಾಡಿದಾಕಿಗೆ ಫೋನ್ ಹಚ್ಚಿದೆ. "ಏ ತಂಗೀ, ಕಂಪ್ಯೂಟರ್ ತಾನ ಮುಂದಿನ ಸಾಲಿಗೆ ಹೋಗತೈತಿ. ನೀ ಯಾಕವ್ವಾ ನಡಕ ಎಂಟರ್ ಹೊಡದಿ?"

"ಸರ್, ನೀವ ಕಲಿಸಿದ್ದಲ್ರಿ! ಗಂಟಿ ಬಾರ್ಸಿದ ಕೂಡ್ಲೆ ರಿಟರ್ನ್ ಅಂತ."

"ಕಂಪ್ಯೂಟರಿನ್ಯಾಗ ಗಂಟಿ ಎಲ್ಲೈತಿ?"

"ನನ್ನ ತಲ್ಯಾಗ ಬಾರ್ಸತೈತ್ರಿ ಸರ್."

ಬ್ಯಾರೆಯಾಂವ ಇದ್ರ ಸಿಟ್ಟಿಗೇಳತಿದ್ದ. ನಾ ಎದಿ ಉಬ್ಬಿಸಿದೆ. ಕೇಳ್ರಿ, ನಾ ಕಲಿಸೂ ರೀತಿ ಹಂಗ ಇತ್ತು. ಕೀಲಿ ನೋಡಿ ಬಡಿತಾರಂತ ಹುಡುಗರು ಚಾ ಕುಡಿಯಾಕ ಹೋದಾಗ ಕೀಲಿ ಮ್ಯಾಲಿನ ಅಕ್ಷರ ಕಿತ್ತು ಅದಲಿಬದಲಿ ಹಚ್ಚಿ ಇಡತಿದ್ದೆ. ನೋಡಿ ಬಡದಾವರ ಹಾಳಿ ತುಂಬ ಹುಚ್ಚರ ಸಂತಿ. ಟೈಪ್‌ರೈಟರಿನ್ಯಾಗ ಸಾಲಿನ ತುದಿ ಬಂದ್ರ ಟಿಣ್ ಅಂತ ಗಂಟಿ ಬಾರ್ಸತೈತಿ. ಬಾರ್ಸಿದ ಮ್ಯಾಲ ಒಂದೆರಡು ಅಕ್ಷರದಾಗ ಸಾಲು ಮುರೀಬೇಕು. ಕನ್ನಡದಾಗ ನಾವು ಮಾತು ಎಲ್ಲೆ ಬೇಕಲ್ಲೆ ಮುರೀತೇವಿ. ಆದ್ರ ನನ್ನದೊಂದು ಕಾಯ್ದೆ ಇತ್ತು: ಮಾತು ಮುಗದಿದ್ರ ಒಂದು ಜಾಗಾ ಬಿಟ್ಟು ರಿಟರ್ನ್, ಮುಗದಿಲ್ಲಂದ್ರ ಹಂಗ ರಿಟರ್ನ್. ಮಶೀನ್ ಹೋಗಿ ಕಂಪ್ಯೂಟರ್ ಬಂದ್ರೂ ನನ್ನ ಹುಡುಗರ ಬೆರಳಿನ್ಯಾಗಿನ ಗಂಟಿ ಹೋಗಿದ್ದಿಲ್ಲ.

ಈಗ ಏನ್ ಮಾಡೂದು? ಹುಡಕೂ ಮಾತಿನ ಕಡೀಗೆ ಡಾಲರ್ ಗುರ್ತು ಹಾಕಿದ್ರ 'ಸಾಲು ಮುಗಿಯೂ ಜಾಗಾದಾಗ ಹುಡುಕು' ಅಂತ ಅರ್ಥ. 'ಭರ' ಹಚ್ಚಿ ಡಾಲರ್ ಕೊಟ್ಟೆ. ಎರಡು ಸಿಕ್ವು. ಆದ್ರ 'ಭ' ಒಂದ ಈ ಕಡೆ ಉಳದು 'ರಮಗೌಡ' ಆ ಕಡೆ ಹೋಗಿದ್ರ? ಮುರಿಯೂ ಜಾಗಾ ಗೆಸ್ ಮಾಡಕೋತ ಕುಂತ್ರ ಒಂದು ತಪ್ಪತೈತಿ, ಗೌಡಸಾನಿ ಕಣ್ಣು ತಪ್ಪಂಗಿಲ್ಲ.

ಕವಿಗಳು ಬಾಜೂಕ ಕುಂತು ಪ್ರೂಫಿನ ಹಾಳಿ ಮಡಚತಿದ್ರು. "ಮಾಸ್ತರ, ಅಂಗೀ ಹೊಲಿಗಿ ಕೆಟ್ರ ನಾವು ಅಲ್ಲಲ್ಲೆ ತಿದ್ದಂಗಿಲ್ಲ. ಪೂರಾ ಬಿಚ್ಚಿ ಹೊಳ್ಳಿ ಹೊಲಿತೇವಿ" ಅಂದ್ರು, ತಮ್ಮಷ್ಟಕ್ಕ ತಾವ ಅಂದಂಗ.

ಆ ಮಾತು ನನಗ ಹತ್ತಿತು. ಎಲ್ಲಾ ಫೈಲಿಂದು ಒಂದೊಂದು ನಕಲು ಮಾಡಿದೆ. ಆ ನಕಲಿನ್ಯಾಗ ಇದ್ದಬಿದ್ದ ಎಂಟರ್ ಎಲ್ಲಾ ಅಳಿಸಿ ಬಿಡು ಅಂತ ಹುಕುಂ ಕೊಟ್ಟೆ. ಅಳೀತು. ಗ್ರೆಪ್ ಹೊಡದೆ. ಯಪ್ಪಾ ಯಪ್ಪಾ! ಪ್ರವೇಶಕ್ಕ ಪ್ರವೇಶಾನ ಪರದೆ ಮ್ಯಾಲ ಧೋ ಅಂತ ಸುರೀತು. ಆಗೂದ ಹಂಗ, ಯಾಕಂದ್ರ ಈಗ ಒಂದು ಫೈಲ್ ಅಂದ್ರ ಒಂದ ಸಾಲು. ಸಾಲಿನ್ಯಾಗ ಹೆಸರಿದ್ರ ಸಾಲು ತೋರ್ಸು ಅಂದೀನಿ, ಅದು ಪೂರಾ ಸಾಲ ತೋರಿಸ್ತು. ಸಾವಕಾರ್ರು ಕಂಪ್ಯೂಟರ್ ಸುಡತೈತಂತ ಸ್ವಿಚ್ಚಿಗೆ ಕೈ ಹಾಕಿದ್ರು.

"ತಡೀರಿ!" ಅಂದೆ. ಪೂರ್ಣವಿರಾಮ ಎಲ್ಲೆ ಬರತೈತೋ ಅಲ್ಲೆ ಹೊಸಾ ಸಾಲು ಹಾಕು ಅಂತ ಇನ್ನೊಂದು ಹುಕುಂ ಕೊಟ್ಟೆ. ಅಲ್ಲಿತನಕ ಸಾಲು ಎಲ್ಲೆ ಮುರೀಬೇಕು ಅನ್ನೂದು ನನ್ನ ಗಂಟೀ ಕೈಯಾಗ ಇತ್ತು. ಈಗ ಕವಿಗಳ ಮಾತಿನ ಕೈಯಾಗ ಬಂತು. ಮಾತು ಮುಗದಲ್ಲೆ ಸಾಲು ಮುಗೀತು. ನನ್ನ ಜಾಗಾ ಬಿಡೂ ಕಾಯ್ದೆದಿಂದ ಒಂದ ಮಾತೂ ಇನ್ನೊಂದಕ್ಕ ಅಂಟಲಿಲ್ಲ. ಬೇಕಾದ್ರ ಹೊಗಳ್ರಿ, ನಾ ತಡಕೊಳ್ತೇನಿ.

ಮತ್ತ ಗ್ರೆಪ್. ಈ ಸಲ ಅಡಗಿ ಕುಂತಾವರೆಲ್ಲಾ ಕೈ ಎತ್ತಿಕೊಂಡು ಹೊರಗ ಬಂದ್ರು. ಎಲ್ಲಾ ಮುಂಡರಗೀವು. ಲಕ್ಷ್ಮೇಶ್ವರ, ಶಿರಹಟ್ಟಿ ಅಂಕದಾಗ ಒಂದೂ ಇಲ್ಲ. ಅಲ್ಲೆ ಟೈಪ್ ಮಾಡಿದಾವರು ಕ್ಲಾಸಿನ್ಯಾಗ ಎಂದೂ ನನ್ನ ಮಾತು ಕೇಳಿದಾವರಲ್ಲ. ಎಲ್ಲಾ ತಿದ್ದಿದೆ. ಕಡೀಕ ಒಂದು ಉಳೀತು. ಅದನ್ನ ಓದಿ ನಾ ಕೀಲಿ ಮ್ಯಾಲಿನ ಕೈ ತಗದೆ.

ಅದು ಒಡಪು. ಗಂಡನ ಹೆಸರು ಹೇಳಲಾರದ ಹೆಣಮಕ್ಕಳು ಲಗ್ನದಾಗ, ಕುಬಸದಾಗ ಹೇಳಲೇಬೇಕಾದ್ರ ಪದಾ ಕಟ್ಟಿ, ಅದರಾಗ ಹೆಸರಿಟ್ಟು ಹೇಳತಾರಲ್ಲ, ಅದು. ಖಳನಾಯಕನ ಹೇಣತಿ ಬಾಯಾಗ ಕವಿಗಳು ಇಟ್ಟಿದ್ರು:

ಹಗೇದ ಜ್ವಾಳ ಬೀಸಿ ರೊಟ್ಟಿ ಬಡದೇನಿ ತೆಳ್ಳಗ,
ಕೆನಿಮಸರು ಕಡದು ಬೆಣ್ಣಿ ತಗದೇನಿ ಬೆಳ್ಳಗ,
ಭರಮಗೌಡರ ಹೆಸರ ಇಟಗೊಂಡೇನಿ ನನ್ನೊಳಗ.

"ಕವಿಗಳ, ಇದನ್ನ ಬಿಟ್ರ ಹೆಂಗ?" ಅಂದೆ.

"ಬಿಡೂದು? ಒಂದ ಕಡೆ ಉಳದ್ರೂ ಕಣಾ ಇಲ್ಲ ಅಂದಾರ್ರಿ ಗೌಡ್ರು!"

"ಈಕಿ ನಿಂತ್ರ ನಾಟಕಾ ನಿಂತಂಗ ಅಂದಾರ. ಒಡಪಿನ್ಯಾಗ ಹೆಸರು ಬಂದ್ರ ಆಕಿ ಯಾಕ ನಿಂದರತಾಳ?"

"ನಿಂತ್ರ?"

"ನನ್ನ ಕಿವಿ ಹಿಂಡ್ರಿ."

"ನಿಮ್ಮ ಕಿವಿ ತಗೊಂಡು ನಾ ಏನ್ ಮಾಡ್ಲಿ ಮಾಸ್ತರ? ಹೋಗೂದು ನನ್ನ ನಾಟಕಾ." ಕಿಸೆದಾಗಿನ ಬಟ್ಟಿ ಮ್ಯಾಲ ಗುರ್ತು ಮಾಡೂ ಖಡು ತಗದು ಟೇಬಲ್ ಮ್ಯಾಲ ಸುಮ್ನ ಗೀಟು ಎಳಕೋತ ಕುಂತ್ರು. ನಾ ಅವತ್ತು ಒಂದ ಚ್ಯಾಷ್ಟೀನೂ ಮಾಡಲಿಲ್ಲ. ಕಡೀಕ ಅವರ ಖಡು ಕೆಳಗಿಟ್ರು. "ಖಳನಾಯಕನ ಹೇಣತಿ ಬಾಯಾಗ ಬ್ಯಾಡ. ನಾಯಕೀ ತಾಯಿ ಬಾಯಾಗ ಇಡ್ರಿ, ಆಕಿ ಗಂಡ ಸ್ಟೇಜಿಗೆ ಬರಂಗಿಲ್ಲ, ದೇವರಂಥಾ ಮನಷ್ಯಾ ಅಂತ ಐತಿ. ಹೆಣಮಕ್ಕಳ ಜಂಪರ್ ಹೊಲಿಯಾಂವ ನಾನು, ಅವರ ಮಾತು ದಿನಾ ಕೇಳತೇನಿ. ಒಡಪು ಕಂಡೂ ಹೇಳಲಾರದ ಬಿಡಾಕಿನ್ನ ನಾ ನೋಡಿಲ್ಲ."

ಮತ್ತ ಅದ ಬಸ್ಸು, ಅದ ಪಡಸಾಲಿ. ಈ ಸಲ ಹೊಸ್ತಲದಾಗ ಜಾಗಾ ಸಾಲದ ಹೆಣಮಕ್ಕಳು ಒಳಗ ಬಂದು ಕುಂತಿದ್ರು. ಗೌಡಸಾನಿ ಕೊಡ್ಲಿ ಪ್ರವೇಶಾ ಸರಾಗ ದಾಟಿದ್ರು. ಗೌಡ್ರು ತಲಿ ಆಡ್ಸಿದ್ರು. ಲಗ್ನದ ಪ್ರವೇಶಾ ಬಂತು. 'ಬೀಗರು ಕೇಳಾಕತ್ತಾರ, ಹೆಸರು ಹೇಳ ಬೇ' ಅಂತ ಓದಿದ್ರು.

ನಿಂತ್ರು.

ಕವಿಗಳ ಕೈಯಾಗಿನ ಟೇಪು ಬಿಗೀತು. ಗೌಡರ ಮೀಸಿ ಅಳ್ಳಾಡ್ತು. ನಾ ಒಂದ ಕಿವಿ ಮುಟ್ಟಿ ನೋಡಕೊಂಡೆ. ಗೌಡಸಾನಿ ತುಟಿ ಅಷ್ಟ ಆಡಿಸಿ ಮನಸಿನ್ಯಾಗ ಒಂದ ಸಲ ಓದಕೊಂಡ್ರು. ಚಾಳೀಸು ತಗದು ಬಾಜೂಕ ಇಟ್ರು. ತಲಿ ಮ್ಯಾಲ ಸೆರಗು ಸರಿ ಮಾಡ್ಕೊಂಡ್ರು. ಆಮ್ಯಾಲ ಹಾಳಿ ನೋಡಲಾರದ, ಮಾರಿ ಎತ್ತಿ, ರಾಗಾ ಮಾಡಿ ಮೂರೂ ಸಾಲು ಹೇಳಿದ್ರು. ಹೆಸರಿನ ಮ್ಯಾಲ ಬಂದಾಗ ದನಿ ಸಣ್ಣಾಗಲಿಲ್ಲ, ದೊಡ್ಡದಾತು.

ಹೆಣಮಕ್ಕಳು ಹೋ ಅಂತ ಚಪ್ಪಾಳಿ ಬಡದ್ರು. ಒಬ್ಬಾಕಿ ಮುದುಕಿ "ಲಗ್ನದಾಗ ಕೇಳಿದ್ದೆ ನೋಡ ಬೇ, ಅದ ದನಿ!" ಅಂದ್ಲು. ಗೌಡ್ರು ಕಂಬದ ಕಡೆ ಮಾರಿ ಮಾಡಿದ್ರು. ಕಿವಿ ಕೆಂಪಗಾಗಿದ್ವು, ಅವರವು.

"ಮಾಸ್ತರ, ಇದು ನಿಮ್ಮ ಕಿತಾಪತಿ."

"ಹೌದ್ರಿ ಗೌಡ್ರ. ಸಿಕ್ಕಿತ್ತು, ಗೊತ್ತಿದ್ದ ಬಿಟ್ಟೇವಿ. ತಗೀರಿ ಅಂದ್ರ ತಗೀತೇವಿ."

ಗೌಡಸಾನಿ ಹಾಳಿ ಮ್ಯಾಲ ಅಂಗೈ ಇಟ್ರು. "ಹೇಳಿದ್ದು ಹೇಳಿ ಆತು. ಬಾಯಿಂದ ಬಂದದ್ದನ್ನ ಹೊಳ್ಳಿ ಹೆಂಗ ತಗೀತಾರಂತ?"

ಗೌಡ್ರು ಕೆಮ್ಮಿದ್ರು. ಕವಿಗಳ ಕಡೆ ನೋಡಿದ್ರು. "ಕಣಾ ಸ್ವಚ್ಛ ಮಾಡ್ಸತೇನಿ. ನಿಮ್ಮ ಮಂದೀನ್ನ ಪರದೆ ಕಟ್ಟಾಕ ಕಳಸ್ರಿ" ಅಂದ್ರು. ಚಪ್ಪಲಿ ಮೆಟ್ಟಿ ಹೊರಗ ಹೊಂಟಾವರು ಬಾಗಲಾಗ ನಿಂತು, ಹೊಳ್ಳಿ ನೋಡಲಾರದ, "ಆ ಒಡಪು ಸ್ವಲ್ಪ ದಪ್ಪ ಅಕ್ಷರದಾಗ ಹಾಕ್ರಿ" ಅಂದ್ರು.

ಅಚ್ಚಿಗೆ ಕೊಡೂಕಿಂತ ಮದಲ ಕಡೀ ಸಲ ಗ್ರೆಪ್ ಹೊಡದೆ, ಎಷ್ಟು ಉಳದಾವ ಹೇಳು ಅಂತ. 'ಒಂದು' ಅಂತು. ಸಾವಕಾರ್ರು ಗಾಬರಿ ಆಗಿ "ಇನ್ನೂ ಒಂದು ಐತಲ್ರಿ!" ಅಂದ್ರು. "ಇರ್ಲಿ, ಅದಕ್ಕ ಪರವಾನಗಿ ಆಗೇತಿ" ಅಂದೆ.

ನಾಟಕಾ ಕಣಾ ತುಂಬಿ ಆತು. ಗೌಡ್ರು ಪುಸ್ತಕಾ ಬಿಚ್ಚಿ ಎತ್ತಿ ಹಿಡದ್ರು, ಯಾವ ಪುಟಾ ಅಂತ ನಾ ಹೇಳಬೇಕಿಲ್ಲ. ಕವಿಗಳು ಒಂದು ಪ್ರತಿ ಎರಡೂ ಕೈಲೆ ಹಿಡಕೊಂಡು ಅದರ ಹೊಲಿಗಿ ನೋಡತಿದ್ರು, ಗಟ್ಟಿ ಐತೋ ಇಲ್ಲೋ ಅಂತ, ಟೇಲರ್ ನೋಡೂಹಂಗ. ಖಳನಾಯಕ ಸ್ಟೇಜಿಗೆ ಬಂದಾಗೊಮ್ಮಿ ಮಂದಿ ನನ್ನ ಹೆಸರು ಹಿಡದು ಕೂಗಿದ್ದ ಕೂಗಿದ್ದು. ನನ್ನ ಮೂರೂ ಊರಿನ ಶಿಷ್ಯಂದಿರು ಒಂದ ಸಾಲಾಗ ಕುಂತು ಎಲ್ಲಾರಕಿಂತ ಜೋರು ಕೂಗಿದ್ರು.

ಮರುದಿನಾ ಮುಂಜಾನಿ ನಮ್ಮನಿಯಾಕಿ ಚಾ ತಂದು ಮುಂದಿಟ್ಲು.

"ಹೆಂಗಿತ್ತ ನಾಟಕಾ?" ಅಂದೆ, ಮೀಸಿ ಮ್ಯಾಲ ಕೈಯಾಡ್ಸಕೋತ.

"ಭಾಳ ಚೊಲೋ ಇತ್ರಿ. ಮುಂದ ಕುಂತಾವರು, ಹಿಂದ ಕುಂತಾವರು, ಮಾಳಿಗಿ ಹತ್ತಿದಾವರು, ಎಲ್ಲಾರೂ ನಿಮ್ಮ ಹೆಸರು ತಗೊಂಡು ತಗೊಂಡು ಮನಸಾರೆ ಬೈದ್ರು." ಸೆರಗಿಲೆ ಕೈ ಒರಿಸಿಕೊಂಡ್ಲು. "ಇಷ್ಟ ವರ್ಷ ಸಂಸಾರಾ ಮಾಡಿದಾಕಿ ನಾನು. ಆ ಪುಣ್ಯಾ ನನಗೊಬ್ಬಾಕಿಗೆ ಇಲ್ಲ ನೋಡ್ರಿ."